ನಿರಾಶ್ರಿತರ ಪುನರ್ವಸತಿ: ಯಾರ ಹೊಣೆ ಎಷ್ಟು?

ನಿರಾಶ್ರಿತರ ಮಾತು ಬಂದಾಗಲೆಲ್ಲ ಕನ್ನಡಿಗರು ಬೈಲಕುಪ್ಪೆಯತ್ತ ಬೆರಳು ತೋರಿಸುತ್ತೇವೆ. ಅದಕ್ಕೆ ಕಾರಣವಿದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಅವರ ಬೆನ್ನಿಗೇ ಸುಮಾರು ಎಂಬತ್ತು ಸಾವಿರ ಟಿಬೆಟನ್ನರು ಗಡಿ ದಾಟಿದರು. ಅವರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಎಲ್ಲರಿಗಿಂತ ಧಾರಾಳವಾಗಿ ಕೈ ನೀಡಿದ್ದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಸಿಕ್ಕಿತು. ಮುಂದೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳಲ್ಲೂ ಶಿಬಿರಗಳು ಎದ್ದವು. ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಉಪಕಾರವನ್ನು ದಲೈ ಲಾಮಾ ಇಂದಿಗೂ ನೆನೆಯುತ್ತಾರೆ. ಆದರೆ ಇದನ್ನು ಔದಾರ್ಯದ ಕಥೆಯೆಂದಷ್ಟೇ ಹೇಳಿ ಮುಗಿಸಿದರೆ ಅದರೊಳಗಿನ ಪಾಠ ಕೈತಪ್ಪುತ್ತದೆ. ಬೈಲಕುಪ್ಪೆ ಗೆದ್ದಿದ್ದು ಸರ್ಕಾರ, ಸ್ವಯಂಸೇವಾ ಸಂಸ್ಥೆ, ನಿರಾಶ್ರಿತರ ಸ್ವಂತ ಸಂಘಟನೆ ಈ ಮೂರೂ ತಮ್ಮ ತಮ್ಮ ಕೆಲಸ ಹಂಚಿಕೊಂಡು ಮಾಡಿದ್ದರಿಂದ. ಅದು ಸೋತ ಕಡೆಗಳಲ್ಲಿ, ಆ ಮೂವರಲ್ಲಿ ಸರ್ಕಾರವೊಂದೇ ಮಾಡಬಹುದಾಗಿದ್ದ ಕೆಲಸ ಬಾಕಿ ಉಳಿದಿತ್ತು.

ಮೊದಲ ತಂಡಗಳಿಗೆ ಸಿಕ್ಕಿದ್ದು ಹೊಲವಲ್ಲ, ಕಾಡು. ಹಿಮದ ನಾಡಿನಲ್ಲಿ ಕುರಿ, ಯಾಕ್ ಮೇಯಿಸಿ ಬದುಕಿದ್ದವರು ದಕ್ಷಿಣದ ಬಿಸಿಲಲ್ಲಿ ಮರ ಕಡಿದು, ಬೇರು ಕಿತ್ತು, ಜೋಳ ಬಿತ್ತಬೇಕಾಯಿತು. ಬೆಳೆ ಕೈಗೆ ಬರುವ ಹೊತ್ತಿಗೆ ಆನೆಗಳು ನುಗ್ಗುತ್ತಿದ್ದವು. ಭೂಮಿಯ ಆದೇಶ ಹೊರಡಿಸಿದ ಕಂದಾಯ ಇಲಾಖೆಗೆ ಇಂಥ ಸಂಕಟದಲ್ಲಿ ವರ್ಷಗಟ್ಟಲೆ ಜೊತೆ ನಿಲ್ಲುವ ವ್ಯವಧಾನ ಇರುವುದಿಲ್ಲ, ಇರಬೇಕೆಂದು ಬಯಸುವುದೂ ತಪ್ಪು. ಆ ಜಾಗ ತುಂಬಿದ್ದು ಸ್ವಿಸ್ ನೆರವು ಸಂಸ್ಥೆಗಳಂಥ ಹೊರಗಿನ ಪೋಷಕರು ಮತ್ತು 1968ರಲ್ಲಿ ಇದೇ ಕೆಲಸಕ್ಕೆಂದು ಹುಟ್ಟಿದ ಮೈರಾಡ. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದು ಅದರ ಪೂರ್ಣ ಹೆಸರು. ನೀರಾವರಿ, ಯಂತ್ರ, ಬೀಜ, ತರಬೇತಿ ಇವೆಲ್ಲ ಹೊರಗಿನಿಂದ ಬಂದವು. ಆದರೆ ಅವನ್ನು ನಡೆಸಿದ್ದು ಟಿಬೆಟನ್ನರದೇ ಸಹಕಾರ ಸಂಘಗಳು, ಅವರದೇ ಶಾಲೆಗಳು, ಹಿಮಾಚಲದ ಧರ್ಮಶಾಲಾದಿಂದ ನಡೆಯುವ ಅವರದೇ ಆಡಳಿತ ನೇಮಿಸಿದ ಅಧಿಕಾರಿಗಳು. ಹಾಗಾಗಿಯೇ ಸಂಸ್ಥೆಗಳು ಹಿಂದೆ ಸರಿದರೂ ಶಿಬಿರಗಳು ಕುಸಿಯಲಿಲ್ಲ. ಮೈರಾಡ ಮುಂದೆ ನಮ್ಮದೇ ಹಳ್ಳಿಗಳ ಬಡವರತ್ತ ತಿರುಗಿತು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ಆರಂಭಿಸುವ ಮೊದಲೇ ಅಂಥ ಗುಂಪುಗಳನ್ನು ಕಟ್ಟಿ ದಾರಿ ತೋರಿದ ಸಂಸ್ಥೆಗಳಲ್ಲಿ ಅದೂ ಒಂದು. ನಿರಾಶ್ರಿತರಿಗಾಗಿ ಹುಟ್ಟಿದ ಸಂಸ್ಥೆಯ ಫಲವನ್ನು ನಾಡಿನ ಹೆಣ್ಣುಮಕ್ಕಳೂ ಉಂಡರು.

ಸರ್ಕಾರವೇ ಮುಂದೆ ನಿಂತು ಮಾಡಿದ ಪುನರ್ವಸತಿಯೂ ನಮ್ಮಲ್ಲಿದೆ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್‌ಎಚ್ ಎಂಬ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ತುಂಗಭದ್ರಾ ಅಚ್ಚುಕಟ್ಟಿನ ಸೀಮೆಯಲ್ಲಿ ಭೂಮಿ ಸಿಕ್ಕಿತು. ದುಡಿಮೆಯಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಆದರೂ ಅವರಲ್ಲಿ ಬಹುಪಾಲು ಮಂದಿ ಸೇರಿದ ನಾಮಶೂದ್ರ ಸಮುದಾಯವನ್ನು ಕರ್ನಾಟಕದ ಪರಿಶಿಷ್ಟರ ಪಟ್ಟಿಗೆ ಸೇರಿಸಿ ಎಂಬ ಬೇಡಿಕೆ ದಶಕಗಳಿಂದ ಅಲ್ಲೇ ಇದೆ. ಪೌರತ್ವಕ್ಕಾಗಿ ಕಾದು ಕಾದು, 2019ರ ಪೌರತ್ವ ತಿದ್ದುಪಡಿ ಕಾಯ್ದೆಯಡಿ 2024ರಲ್ಲಷ್ಟೇ ಪ್ರಮಾಣಪತ್ರ ಕಂಡವರಿದ್ದಾರೆ. ಇತ್ತ ದಕ್ಷಿಣ ಕನ್ನಡದ ಸುಳ್ಯ ಕಡೆಗೆ ಬಂದ ಶ್ರೀಲಂಕಾದ ತಮಿಳರಿಗೆ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಿಂದ ಪೌರತ್ವವೇನೋ ದಕ್ಕಿತು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ, ತೋಟದ ವಸತಿಗೃಹದಲ್ಲಿ ಮನೆಯೂ ಸಿಕ್ಕಿತು. ಆದರೆ ಕೆಲಸ ಇರುವ ತನಕ ಮಾತ್ರ ಮನೆ ಎಂಬಂಥ ವ್ಯವಸ್ಥೆಯಲ್ಲಿ ಮುಂದಿನ ಪೀಳಿಗೆ ಎಲ್ಲಿ ಬೇರು ಬಿಡಬೇಕು? ಸಿಂಧನೂರಿನಲ್ಲಿ ಭೂಮಿ ಕೊಟ್ಟು, ಸುಳ್ಯದಲ್ಲಿ ಕೂಲಿ ಕೊಟ್ಟು ಕಡತ ಮುಚ್ಚಲಾಯಿತು. ಆ ಕಡತವನ್ನು ಮತ್ತೆ ಮತ್ತೆ ತೆರೆಸಬಲ್ಲ, ಜನರ ಪರವಾಗಿ ಕಚೇರಿಯಿಂದ ಕಚೇರಿಗೆ ಅಲೆಯಬಲ್ಲ ಗಟ್ಟಿ ಮಧ್ಯವರ್ತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಎರಡೂ ಊರುಗಳು ಸಾಕ್ಷಿ.

ಹಾಗಾದರೆ ಎಲ್ಲವನ್ನೂ ಸಂಸ್ಥೆಗಳಿಗೇ ವಹಿಸಿಬಿಡೋಣವೇ? ಅಮೆರಿಕದ ಅನುಭವ ಬೇಡ ಎನ್ನುತ್ತದೆ. ಅಲ್ಲಿ 1980ರ ನಿರಾಶ್ರಿತರ ಕಾಯ್ದೆಯಡಿ ಸರ್ಕಾರ ಆಯ್ಕೆ ಮಾಡಿ ಕರೆತಂದವರಿಗೆ ಮನೆ, ಕೆಲಸ, ಮಕ್ಕಳಿಗೆ ಶಾಲೆ ಹುಡುಕಿಕೊಡುವ ಹೊಣೆ ಸ್ವಯಂಸೇವಾ ಸಂಸ್ಥೆಗಳದು. ಅವುಗಳಲ್ಲಿ ಅನೇಕವು ಚರ್ಚುಗಳ ಬೆಂಬಲದವು. ಹಣದ ದೊಡ್ಡ ಪಾಲು ಸರ್ಕಾರದ್ದು. ನಾಲ್ಕು ದಶಕ ಈ ಏರ್ಪಾಡು ನಡೆಯಿತು. 2025ರ ಜನವರಿಯಲ್ಲಿ ಹೊಸ ಆಡಳಿತ ನಿರಾಶ್ರಿತರ ಪ್ರವೇಶವನ್ನೂ ಹಣವನ್ನೂ ತಡೆದೊಡನೆ ಸಂಸ್ಥೆಗಳು ಸಿಬ್ಬಂದಿಯನ್ನು ಮನೆಗೆ ಕಳಿಸಬೇಕಾಯಿತು. ಕ್ಯಾಥೊಲಿಕ್ ಬಿಷಪ್ಪರ ಸಂಘಟನೆ ಏಪ್ರಿಲ್‌ನಲ್ಲಿ ಸರ್ಕಾರದೊಂದಿಗಿನ ಒಪ್ಪಂದ ನವೀಕರಿಸುವುದಿಲ್ಲ ಎಂದು ಘೋಷಿಸಿತು. ನಮ್ಮಲ್ಲಿ ಕಥೆ ಬೇರೆ, ಫಲಿತಾಂಶ ಒಂದೇ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ ಹೊರಗಿನ ಹಣ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಹೊರಗಿನ ಹಣ, ಊರಿನ ಕೈ ಎರಡೂ ಕೂಡಿ ಕಟ್ಟಿದ ಬೈಲಕುಪ್ಪೆಯಂಥ ಯೋಜನೆಯನ್ನು ಇಂದು ಆರಂಭದಿಂದ ಕಟ್ಟಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವಬೇಕಾದೀತು.

ಇಲ್ಲಿ ಏಳುವ ಆಕ್ಷೇಪಗಳಲ್ಲಿ ತೂಕದ್ದು ಒಂದಿದೆ: ನಮ್ಮವರಿಗೇ ಭೂಮಿ ಇಲ್ಲದಿರುವಾಗ ಹೊರಗಿನವರಿಗೇಕೆ? ಇದನ್ನು ಸಣ್ಣತನವೆಂದು ತಳ್ಳಿಹಾಕುವಂತಿಲ್ಲ. ಟಿಬೆಟನ್ನರ ಶಿಬಿರವಿರುವ ಹುಣಸೂರು ತಾಲ್ಲೂಕಿನಲ್ಲೇ ನಾಗರಹೊಳೆ ಕಾಡಿನಿಂದ ಹೊರಬಿದ್ದ ಜೇನುಕುರುಬರೂ ಇದ್ದಾರೆ. ಅವರ ಪುನರ್ವಸತಿ ಹೈಕೋರ್ಟ್ ಮೆಟ್ಟಿಲೇರಿ, ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ವರದಿ ಕೊಟ್ಟು ವರ್ಷಗಳೇ ಸಂದಿವೆ, ಅನೇಕ ಕುಟುಂಬಗಳ ಪಾಲಿನ ಭರವಸೆ ಭರವಸೆಯಾಗಿಯೇ ಉಳಿದಿದೆ. ಈ ಅನ್ಯಾಯ ನಿಜ. ಆದರೆ ಅದರ ಮೂಲ ಟಿಬೆಟನ್ನರಿಗೆ ಕೊಟ್ಟ ಎಕರೆಗಳಲ್ಲಿಲ್ಲ. ಆದಿವಾಸಿಗಳಿಗೂ ದೀರ್ಘಕಾಲ ಜೊತೆ ನಿಲ್ಲುವ ಸಂಸ್ಥೆ, ಅವರದೇ ಸಂಘ, ಹೊಣೆ ಹೊತ್ತ ಸರ್ಕಾರ ಈ ಮೂರೂ ಒಟ್ಟಿಗೆ ಒದಗಲಿಲ್ಲ ಎಂಬಲ್ಲಿದೆ. ಬೈಲಕುಪ್ಪೆಯ ಅಳತೆಗೋಲನ್ನು ಜೇನುಕುರುಬರ ಹಾಡಿಗೂ ತನ್ನಿ ಎಂದು ಕೇಳುವುದು ನ್ಯಾಯ, ಇಬ್ಬರಿಗೂ ಬೇಡ ಎನ್ನುವುದು ನ್ಯಾಯವಲ್ಲ. ಇನ್ನು ಬಂದವರು ಊರಿಗೆ ಹೊರೆ ಎಂಬ ಮಾತಿಗೆ ಬೈಲಕುಪ್ಪೆಯ ಪಕ್ಕದ ಕುಶಾಲನಗರದ, ಮುಂಡಗೋಡದ ಅಂಗಡಿ ಸಾಲುಗಳನ್ನು ಕೇಳಿದರೆ ಸಾಕು.

ಎರಡನೆಯ ಆಕ್ಷೇಪ ಭದ್ರತೆಯದು, ಸಂಸ್ಥೆಗಳ ಉದ್ದೇಶದ್ದು. ಯಾರು ಒಳಬರಬೇಕು, ಅವರ ಹಿನ್ನೆಲೆಯೇನು ಎಂದು ತೀರ್ಮಾನಿಸುವ ಅಧಿಕಾರ ಸರ್ಕಾರದ್ದೇ, ಅದನ್ನು ಯಾವ ಸಂಸ್ಥೆಗೂ ಬಿಟ್ಟುಕೊಡಬೇಕಿಲ್ಲ. ಸಂಸ್ಥೆಗಳು ನೆರವಿನ ನೆಪದಲ್ಲಿ ಮತ್ತೇನನ್ನೋ ನಡೆಸುತ್ತವೆ ಎಂಬ ಅನುಮಾನಕ್ಕೂ ಮದ್ದಿದೆ: ಲಿಖಿತ ಒಪ್ಪಂದ, ಬಹಿರಂಗ ಲೆಕ್ಕಪತ್ರ, ಯಾವಾಗ ಹಿಂದೆ ಸರಿಯಬೇಕು ಎಂಬ ಗಡುವು. ಅನುಮಾನ ಇದೆಯೆಂದು ಎಲ್ಲ ಸಂಸ್ಥೆಗಳ ಕೈ ಕಟ್ಟಿದರೆ ಆ ಕೆಲಸವನ್ನು ಸರ್ಕಾರವೇನೂ ಮಾಡುವುದಿಲ್ಲ, ದಲ್ಲಾಳಿಗಳು ಮಾಡುತ್ತಾರೆ.

ಕೊನೆಗೆ ಉಳಿಯುವುದು ಕಾನೂನು. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ದೇಶೀಯ ಕಾಯ್ದೆಯೂ ಇಲ್ಲ. ಆರು ದಶಕ ಇಲ್ಲೇ ಬಾಳಿದ ಟಿಬೆಟನ್ನರೂ ಕಾಗದದ ಮೇಲೆ ವಿದೇಶಿಯರು, ನೋಂದಣಿ ಪತ್ರ ನವೀಕರಿಸುತ್ತ ಇರಬೇಕಾದವರು. ಭೂಮಿಯ ಗುತ್ತಿಗೆ, ಸರ್ಕಾರಿ ಯೋಜನೆಗಳ ಸೌಲಭ್ಯ ಎಲ್ಲಕ್ಕೂ ಒಂದೇ ನಿಯಮ ಸೂಚಿಸಿದ ಟಿಬೆಟನ್ ಪುನರ್ವಸತಿ ನೀತಿಯನ್ನು ಕೇಂದ್ರ ತಂದದ್ದು 2014ರಲ್ಲಿ. ಅದೂ ಮಾರ್ಗಸೂಚಿಯೇ ಹೊರತು ಹಕ್ಕಲ್ಲ. 1950ರಿಂದ 1987ರ ಮಧ್ಯೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂದು ಪೌರತ್ವ ಕಾಯ್ದೆ ಹೇಳುತ್ತಿದ್ದರೂ ಅದನ್ನು ದೆಹಲಿ ಮತ್ತು ಕರ್ನಾಟಕ ಹೈಕೋರ್ಟ್‌ಗಳಿಂದ ಹೇಳಿಸಿಕೊಳ್ಳಬೇಕಾಯಿತು. ಬಾವಿ ತೋಡಿಸುವುದು, ಸಂಘ ಕಟ್ಟುವುದು, ಶಾಲೆ ನಡೆಸುವುದು ಸಂಸ್ಥೆಗೆ ಸಾಧ್ಯ. ಒಬ್ಬ ಮನುಷ್ಯನಿಗೆ ಈ ನೆಲದಲ್ಲಿ ಇರುವ ಅಧಿಕಾರವನ್ನು ಬರೆದುಕೊಡುವುದು ಅದರಿಂದ ಸಾಧ್ಯವಿಲ್ಲ. ಆದ್ದರಿಂದ ಸಂಸತ್ತು ರೂಪಿಸಬೇಕಾದ ಕಾಯ್ದೆಯಲ್ಲಿ ಮೂರು ಸಂಗತಿ ಸ್ಪಷ್ಟವಾಗಿರಲಿ: ನಿರಾಶ್ರಿತರ ಸ್ಥಾನಮಾನ ಮತ್ತು ಅದರ ಅವಧಿ, ಸಂಸ್ಥೆಗಳ ಹೊಣೆ ಮತ್ತು ಅವು ಹಿಂದೆ ಸರಿಯುವ ಗಡುವು, ಹಾಗೂ ಆ ಬಳಿಕ ಆಡಳಿತ ವಹಿಸಿಕೊಳ್ಳುವ ನಿರಾಶ್ರಿತರದೇ ಸಂಘಗಳಿಗೆ ಮಾನ್ಯತೆ. ಮೊದಲಿನದು ಬಾಕಿ ಉಳಿದರೆ, ಉಳಿದೆರಡನ್ನು ಎಷ್ಟು ಚೆನ್ನಾಗಿ ಮಾಡಿದರೂ ಮೂರನೇ ಪೀಳಿಗೆಯೂ ಅತಿಥಿಯಾಗಿಯೇ ಹುಟ್ಟುತ್ತದೆ.