ಜಾಲತಾಣದ ಹೆಬ್ಬಾಗಿಲು

ನಮ್ಮ ವಿಭಾಗದ ಜಾಲತಾಣವನ್ನು ನೋಡಿಕೊಳ್ಳುವ ಭಾರ ಕಳೆದ ವರ್ಷ ನನ್ನ ಪಾಲಿಗೆ ಬಂದಿತು. ಇತಿಹಾಸ ಓದುವವನಿಗೆ ಈ ಉಸಾಬರಿ ಏತಕ್ಕೆಂದು ಮಿತ್ರರು ನಕ್ಕರು. ಆದರೆ ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಕಲಿತ ಪಾಠವು ಎಲ್ಲ ವಿದ್ಯಾರ್ಥಿಗಳಿಗೂ ಸಲ್ಲುವುದೆಂದು ತೋರಿದ್ದರಿಂದ, ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ತಾಣವು 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಎಂಬ ವ್ಯವಸ್ಥೆಯ ಮೇಲೆ ನಿಂತಿದೆ. ಅದರ ನಿರ್ವಹಣಾ ಪುಟವು ಬ್ರೌಸರನ್ನು ಸೇರುವ ಮೊದಲು ಕೆಲವು ಹೆಡರುಗಳು, ಎಂದರೆ ಕಣ್ಣಿಗೆ ಕಾಣದ ಅಪ್ಪಣೆಯ ಸಾಲುಗಳು, ಮುಂದಾಗಿ ಹೋಗುತ್ತವೆ. 'ಎಕ್ಸ್-ಫ್ರೇಮ್-ಆಪ್ಷನ್ಸ್: ಸೇಮ್‌ಆರಿಜಿನ್' ಎಂಬುದು ಅವುಗಳಲ್ಲೊಂದು. ಬೇರೆ ತಾಣದವರು ಈ ಪುಟವನ್ನು ತಮ್ಮ ಪುಟದ ಚೌಕಟ್ಟಿನೊಳಗೆ ಕೂಡಿಸಕೂಡದೆಂಬುದೇ ಅದರ ಅರ್ಥ. ಕೂಡಿಸಿದರೆ ಕೇಡೇನು? ವಂಚಕನು ತನ್ನ ಪುಟದಲ್ಲಿ ಬಹುಮಾನದ ಗುಂಡಿಯೊಂದನ್ನು ತೋರಿಸಿ, ಅದರ ಮೇಲೆ ನಮ್ಮ ನಿರ್ವಹಣಾ ಪುಟವನ್ನು ಕಾಣದಂತೆ ಹೊದಿಸುತ್ತಾನೆ. ಬಹುಮಾನವೆಂದು ನಾವು ಒತ್ತಿದ್ದು ನಿಜವಾಗಿ 'ಅಳಿಸು' ಎಂಬ ಗುಂಡಿಯಾಗಿರುತ್ತದೆ! 2008ರಲ್ಲಿ ಈ ಮೋಸಕ್ಕೆ ಕ್ಲಿಕ್‌ಜ್ಯಾಕಿಂಗ್ ಎಂದು ಹೆಸರಾಯಿತು. 2011ರಲ್ಲಿ ವರ್ಡ್‌ಪ್ರೆಸ್ಸಿನವರು ನಿರ್ವಹಣಾ ಪುಟಕ್ಕೂ ಲಾಗಿನ್ ಪುಟಕ್ಕೂ ಈ ಕಾವಲನ್ನು ಒದಗಿಸಿದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ನಿರ್ವಹಣಾ ಪುಟವು ಕಚೇರಿಯ ಪುಟದೊಳಗೇ ತೆರೆಯಬೇಕೆಂದು ಬೇಡಿಕೆ ಬಂದಿತು. ಕಚೇರಿಯ ಉಪವಿಳಾಸವೇ ಬೇರೆಯಾದುದರಿಂದ ಬ್ರೌಸರು ಒಪ್ಪಲಿಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಹುಕ್ ಎಂಬ ಸೌಕರ್ಯವಿದೆ. ಗೋಡೆಯ ಗೂಟಕ್ಕೆ ಅಂಗಿ ತಗುಲಿಸಿದಂತೆ, ಮೂಲ ಕಾರ್ಯಕ್ರಮವನ್ನು ಮುಟ್ಟದೆಯೇ ನಮ್ಮ ಕೆಲಸವನ್ನು ಅಲ್ಲಿ ತಗುಲಿಸಬಹುದು, ಮೊದಲಿದ್ದುದನ್ನು ತೆಗೆಯಲೂಬಹುದು. 'ಅಡ್ಮಿನ್ ಇನಿಟ್' ಎಂಬ ಹುಕ್ಕಿನಿಂದ ಆ ಕಾವಲನ್ನು ಒಂದೇ ಸಾಲಿನಲ್ಲಿ ಕಿತ್ತುಹಾಕಿದೆ. ಪುಟ ತೆರೆಯಿತು; ಎಲ್ಲರೂ ಶಹಭಾಸ್ ಎಂದರು. ಕೆಲವು ವಾರಗಳ ಮೇಲೆ ನಮ್ಮ ಅಧ್ಯಾಪಕರೊಬ್ಬರು, "ಬಾಗಿಲು ತೆಗೆದೆಯಪ್ಪಾ, ಸರಿ, ಯಾರಿಗೆ ತೆಗೆದೆ?" ಎಂದು ಕೇಳಿದರು. ಕಚೇರಿಗೆಂದು ತೆಗೆದ ಬಾಗಿಲು ಲೋಕಕ್ಕೆಲ್ಲ ತೆರೆದಿತ್ತು. ನಾನು ತಲೆ ತಗ್ಗಿಸಿದೆ.

ಪರಿಹಾರ ಕಷ್ಟದ್ದಲ್ಲ. ಹಳೆಯ ಹೆಡರಿಗೆ ಇಂಥವರನ್ನು ಮಾತ್ರ ಬಿಡು ಎನ್ನುವ ಶಕ್ತಿ ಇಂದಿನ ಬ್ರೌಸರುಗಳಲ್ಲಿ ಇಲ್ಲ. 'ಕಂಟೆಂಟ್-ಸೆಕ್ಯುರಿಟಿ-ಪಾಲಿಸಿ' ಎಂಬ ಹೆಡರಿನ 'ಫ್ರೇಮ್-ಆ್ಯನ್ಸೆಸ್ಟರ್ಸ್' ನಿಯಮಕ್ಕೆ ಅದು ಇದೆ. ಅದೇ ಹುಕ್ಕಿನಲ್ಲಿ ನಮ್ಮ ತಾಣವನ್ನೂ ಕಚೇರಿಯ ವಿಳಾಸವನ್ನೂ ಮಾತ್ರ ಹೆಸರಿಸಿದೆ. ಲಾಗಿನ್ ಪುಟದ ಹಳೆಯ ಕಾವಲನ್ನು ಹಾಗೆಯೇ ಉಳಿಸಿದೆ. ಇದನ್ನೆಲ್ಲ ಪ್ರತ್ಯೇಕ ಪ್ಲಗಿನ್ನಿನಲ್ಲಿ ಬರೆದೆ. ಥೀಮಿನಲ್ಲಿ ಬರೆದರೆ ಥೀಮು ಬದಲಾದಾಗ ಕೆಲಸ ನಿಲ್ಲುವುದು. ಮೂಲ ಕಡತವನ್ನು ತಿದ್ದಿದರೆ ಮುಂದಿನ ಪರಿಷ್ಕರಣದಲ್ಲಿ ಅಳಿಸಿಹೋಗುವುದು.

ನಮ್ಮಂಥ ಸಣ್ಣ ತಾಣಕ್ಕೆ ಇಷ್ಟೆಲ್ಲ ಏಕೆಂದು ಕೆಲವರು ಕೇಳುತ್ತಾರೆ. ಪರೀಕ್ಷೆಯ ಪ್ರಕಟಣೆ ಅಲ್ಲಿ ಒಂದು ದಿನ ತಪ್ಪಾಗಿ ಬಿದ್ದರೆ, ಹಳ್ಳಿಯಿಂದ ಬರುವ ವಿದ್ಯಾರ್ಥಿಗೆ ಒಂದು ವರ್ಷವೇ ಹೋದೀತು. ಇನ್ನು ಕೆಲವರು ಎಲ್ಲವನ್ನೂ ಬಿಗಿಯಾಗಿ ಮುಚ್ಚಿಬಿಡಿ ಎನ್ನುತ್ತಾರೆ. ಹಾಗೆ ಮಾಡಿದರೆ ನಿರ್ವಹಣಾ ಪುಟವು ತನ್ನದೇ ಚೌಕಟ್ಟುಗಳಲ್ಲಿ ತೆರೆಯುವ ಪ್ಲಗಿನ್ ವಿವರಗಳೂ ಕಾಣದಾಗುತ್ತವೆ. ಮನೆಯವನಿಗೇ ಬೀಗ ಹಾಕಿದಂತಾಗುತ್ತದೆ.

ಭದ್ರತೆಯೆಂದರೆ ಬೀಗವಲ್ಲ, ವಿವೇಚನೆ ಎಂಬುದು ನನ್ನ ಅಭಿಪ್ರಾಯ. ಕಾವಲನ್ನು ಸಡಿಲಿಸುವವನು ಯಾರಿಗಾಗಿ, ಏಕೆ, ಎಂದಿನವರೆಗೆ ಎಂಬುದನ್ನು ಬರೆದಿಡಬೇಕು. ನಾವು ಮೂರು ವರ್ಷಕ್ಕೆ ಹೊರಟುಹೋಗುವವರು; ತಾಣ ಉಳಿಯುತ್ತದೆ. ಆದುದರಿಂದ ನನ್ನ ಬಳಿಕ ಬರುವವರಿಗಾಗಿ ಒಂದು ಪುಸ್ತಕವನ್ನು ತೆರೆದಿದ್ದೇನೆ. ಅದರ ಮೊದಲ ಪುಟದಲ್ಲಿ ಇರುವುದು ನನ್ನ ತಪ್ಪೇ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಮಾತು ನಮ್ಮ ಕಾಲೇಜಿಗೆ ಬಾರದಿರಲಿ.