ಯಜಮಾನರು ತೀರಿಕೊಂಡ ಮೇಲೆ ಕಾರು ಯಾರದು?



ಮನೆಯ ಹಿರಿಯರು ತೀರಿಕೊಂಡರೆ ಹೊಲ, ಮನೆ, ಬ್ಯಾಂಕಿನ ಠೇವಣಿಗಳ ಮಾತು ವೈಕುಂಠ ಸಮಾರಾಧನೆ ಮುಗಿಯುವ ಮೊದಲೇ ಆರಂಭವಾಗುತ್ತದೆ. ಅಂಗಳದಲ್ಲಿ ನಿಂತ ಕಾರಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕೀಲಿಕೈ ಯಾರ ಬಳಿ ಇದೆಯೋ ಕಾರು ಅವರದು ಎಂಬ ಭಾವನೆ. ಕಾರು ವರ್ಷಗಟ್ಟಲೆ ಓಡುತ್ತದೆ; ನೋಂದಣಿ ಪತ್ರದಲ್ಲಿ, ಅಂದರೆ ನಾವು ಆರ್.ಸಿ. ಎನ್ನುವ ದಾಖಲೆಯಲ್ಲಿ, ತೀರಿಕೊಂಡವರ ಹೆಸರೇ ಉಳಿದಿರುತ್ತದೆ. "ಅಪ್ಪನ ಹೆಸರು ನೆನಪಿಗಿರಲಿ ಬಿಡಿ" ಎನ್ನುವವರೂ ಉಂಟು. ಪಿತೃಭಕ್ತಿ ದೊಡ್ಡ ಗುಣವೇ. ಆದರೆ ಅದನ್ನು ತೋರಿಸುವ ಸ್ಥಳ ಆರ್.ಸಿ. ಅಲ್ಲ.

ಈ ವಿಷಯದಲ್ಲಿ ನಮ್ಮ ಕಾನೂನು ಕಠೋರವಾದುದೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮು ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 56ನೆಯ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಮಾಲೀಕರು ಮರಣ ಹೊಂದಿದ 30 ದಿನಗಳೊಳಗೆ, ವಾಹನ ಯಾರ ವಶಕ್ಕೆ ಬಂದಿದೆಯೋ ಅವರು ಮರಣದ ವಿಷಯವನ್ನೂ, ವಾಹನವನ್ನು ತಾವು ಬಳಸಲಿರುವುದನ್ನೂ ಸಾರಿಗೆ ಕಚೇರಿಗೆ ತಿಳಿಸಬೇಕು. ಹಾಗೆ ತಿಳಿಸಿದವರು ಮೂರು ತಿಂಗಳ ಕಾಲ ಅದನ್ನು ತಮ್ಮದೇ ಎಂಬಂತೆ ಬಳಸಬಹುದು. ಆ ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಿ, ಮರಣ ಪ್ರಮಾಣ ಪತ್ರ, ಆರ್.ಸಿ., ವಿಮಾ ಪತ್ರಗಳೊಡನೆ ಹೆಸರು ವರ್ಗಾಯಿಸಿಕೊಳ್ಳಬೇಕು. ಸಾಲದ ಕಾರಾಗಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಶೋಕದ ದಿನಗಳಿಗೆಂದು ಕಾನೂನು ತೋರಿಸಿದ ಈ ಸೌಜನ್ಯವನ್ನು ನಾವು ಉದಾಸೀನದಿಂದ ಕಳೆದುಕೊಳ್ಳುತ್ತೇವೆ ಎಂಬುದೇ ನನ್ನ ಆಕ್ಷೇಪ.

ವಿಮೆಯ ಲೆಕ್ಕವೂ ಇದೇ. ಒಬ್ಬರ ಹೆಸರಿನಲ್ಲಿರುವ ವಾಹನ ವಿಮೆ ಅವರ ಮರಣದೊಡನೆ ತಕ್ಷಣ ರದ್ದಾಗುವುದಿಲ್ಲ. ಮರಣದ ದಿನದಿಂದ ಮೂರು ತಿಂಗಳು, ಅಥವಾ ಪಾಲಿಸಿಯ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಅದು ಜೀವಂತವಾಗಿರುತ್ತದೆ. ಅಷ್ಟರೊಳಗೆ ವಾರಸುದಾರರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ತೀರಿಕೊಂಡವರ ಹೆಸರಿನಲ್ಲೇ ವರ್ಷವರ್ಷವೂ ಕಂತು ಕಟ್ಟುತ್ತಾ ಹೋಗುವವರು, ಅಪಘಾತವಾದ ದಿನ ಆ ಕಾಗದ ಎಷ್ಟರಮಟ್ಟಿಗೆ ಕೈಹಿಡಿದೀತು ಎಂದು ಯೋಚಿಸಬೇಕು. ಕಾರನ್ನು ಬಾಯಿಮಾತಿನಲ್ಲಿ ಮಾರಿ ಕೈತೊಳೆದುಕೊಂಡರೂ ಬಿಡುಗಡೆಯಿಲ್ಲ. ಹಲವು ಕೈ ಬದಲಾಗಿಯೂ ಹೆಸರು ವರ್ಗಾವಣೆಯಾಗದ ಒಂದು ಕಾರಿನ ಅಪಘಾತದ ಪ್ರಕರಣದಲ್ಲಿ, ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಆ ಹೆಸರಿನವರೇ ಇಲ್ಲವಾದಾಗ ನೋಟೀಸು ಅವರ ಹೆಂಡತಿ ಮಕ್ಕಳ ಬಾಗಿಲಿಗೆ ಬಂದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ನನ್ನ ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ಪರಿಚಿತರೊಬ್ಬರ ಮನೆಯಲ್ಲಿ ತಂದೆಯ ಕಾರನ್ನು ಮಾರಲು ಹೊರಟಾಗ ಮಧ್ಯವರ್ತಿ ಮಗನನ್ನು ಕೇಳಿದನಂತೆ: "ಇಷ್ಟೆಲ್ಲ ಕಾಗದ ಯಾಕೆ ಸ್ವಾಮಿ? ನಿಮ್ಮ ತಂದೆಯವರ ಸಹಿ ನಿಮಗೆ ಹಾಕಲು ಬರುವುದಿಲ್ಲವೇ?" ಮಾರಾಟದ 29, 30ನೆಯ ನಮೂನೆಗಳಲ್ಲಿ, ಬದುಕಿರುವವರು ಮಾರಿದಂತೆ, ಸತ್ತವರ ಸಹಿ ಹಾಕುವುದು! ಇದು ಜಾಣತನವಲ್ಲ, ಖೋಟಾ ದಾಖಲೆಯ ಅಪರಾಧ. ಜೀವಮಾನವಿಡೀ ಪ್ರಾಮಾಣಿಕವಾಗಿ ಸಹಿ ಹಾಕಿದ ತಂದೆಯ ಕೊನೆಯ ಸಹಿ ಸುಳ್ಳಾಗಬೇಕೆ? ಆ ಮಗ ಒಪ್ಪಲಿಲ್ಲ. ನಿಧಾನವಾದರೂ ನೇರ ದಾರಿಯಲ್ಲೇ ಹೋದ. ಅವನ ಬಗ್ಗೆ ನನಗೆ ಗೌರವವಿದೆ.

ಇನ್ನು ಹೆಸರು ಯಾರಿಗೆ ವರ್ಗವಾಗಬೇಕು? ಹಿರಿಯ ಮಗನಿಗೆ ಎಂದು ನಾವು ಯೋಚಿಸದೆಯೇ ಹೇಳಿಬಿಡುತ್ತೇವೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಷ್ಟೇ ಅಲ್ಲ, ಬದುಕಿರುವ ತಾಯಿಗೂ ಸಮಪಾಲು ಉಂಟು. ಮಗನನ್ನು ಕಳೆದುಕೊಂಡ ಆ ವೃದ್ಧ ತಾಯಿಯನ್ನು ಎಷ್ಟು ಮನೆಗಳಲ್ಲಿ ಕೇಳುತ್ತಾರೆ? ಕಾರು ಒಬ್ಬರ ಹೆಸರಿಗೇ ಆಗಲಿ, ತಪ್ಪಿಲ್ಲ. ಆದರೆ ಉಳಿದವರ ಒಪ್ಪಿಗೆ ಬರವಣಿಗೆಯಲ್ಲಿರಲಿ. ನಮ್ಮ ಕರ್ನಾಟಕದಲ್ಲಿ ನಾಡಕಚೇರಿಯಿಂದ ವಂಶವೃಕ್ಷದ ದೃಢೀಕರಣ ದೊರೆಯುತ್ತದೆ. ಅದರಲ್ಲಿ ಯಾರ ಹೆಸರೂ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಮದುವೆಯಾಗಿ ಹೋದ ಮಗಳ ಹೆಸರನ್ನು ಬಿಡುವುದು ಮರೆವಲ್ಲ, ಅನ್ಯಾಯ.

2021ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ತಿದ್ದಿ, ಆರ್.ಸಿ.ಯಲ್ಲೇ ನಾಮಿನಿಯ ಹೆಸರನ್ನು ಸೇರಿಸುವ ಅವಕಾಶ ಕಲ್ಪಿಸಿದೆ. ಹೊಸ ಕಾರು ಕೊಳ್ಳುವಾಗಲೂ ಸೇರಿಸಬಹುದು, ಅನಂತರವೂ ಸೇರಿಸಬಹುದು. ಇದು ಒಳ್ಳೆಯ ಕೆಲಸ. ಕಚೇರಿಯ ಅಲೆದಾಟವನ್ನು ತಗ್ಗಿಸುತ್ತದೆ. ಆದರೆ ನಾಮಿನಿ ಎಂದರೆ ಏಕೈಕ ಒಡೆಯ ಎಂದು ತಿಳಿಯಬೇಡಿ. ಜೀವವಿಮೆಯ ವಿಷಯದಲ್ಲಿ 1983ರಲ್ಲಿ, ಷೇರುಗಳ ವಿಷಯದಲ್ಲಿ 2023ರಲ್ಲಿ, ನಾಮಿನಿಯಾದ ಮಾತ್ರಕ್ಕೆ ಉಳಿದ ವಾರಸುದಾರರ ಹಕ್ಕು ಅಳಿಯುವುದಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪುಗಳು ಕಾರಿನ ಬಗ್ಗೆ ಬಂದವಲ್ಲ. ಆದರೂ ನ್ಯಾಯ ಒಂದೇ ಎಂಬುದು ನನ್ನ ಅಭಿಪ್ರಾಯ. ನಾಮಿನಿ ಕೀಲಿಕೈ ಹಿಡಿದವನು. ಪಾಲು ನಿರ್ಧರಿಸುವುದು ಉಯಿಲು ಅಥವಾ ಉತ್ತರಾಧಿಕಾರದ ಕಾನೂನು.

ಸರ್ಕಾರಕ್ಕೂ ಒಂದು ಮಾತು. ನಿಯಮದಲ್ಲಿರುವ ಕಾಗದಗಳು ನಾಲ್ಕಾರು; ಕಿಟಕಿಯಲ್ಲಿ ಕೇಳುವ ಕಾಗದಗಳು ದಿನಕ್ಕೊಂದು. ಬೇಕಾದ ದಾಖಲೆಗಳ ಪಟ್ಟಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಪ್ರತಿ ಸಾರಿಗೆ ಕಚೇರಿಯ ಗೋಡೆಯ ಮೇಲೆ ಬರೆಸಲಿ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ದಲ್ಲಾಳಿಯ ಹಂಗಿಲ್ಲದೆ ಅರ್ಜಿ ಕೊಡುವಂತಾದರೆ ಮಾತ್ರ ಈ ಕಾನೂನಿನ ಸೌಜನ್ಯ ಸಾರ್ಥಕ.

ಇದನ್ನು ಓದಿದವರು ಇಂದೇ ಒಂದು ಕೆಲಸ ಮಾಡಿ. ನಿಮ್ಮ ಕಾರಿನ ಆರ್.ಸಿ. ತೆಗೆದು ನಾಮಿನಿಯ ಹೆಸರಿದೆಯೇ ನೋಡಿ. ಕಾಗದಗಳನ್ನು ಎಲ್ಲಿಟ್ಟಿದ್ದೀರಿ ಎಂಬುದನ್ನು ಮನೆಯಾಕೆಗೂ ಮಕ್ಕಳಿಗೂ ತಿಳಿಸಿ. ಸಾವಿನ ಮಾತು ಆಡಿದರೆ ಆಯುಷ್ಯವೇನೂ ಕಡಿಮೆಯಾಗುವುದಿಲ್ಲ. ಉಳಿದವರ ಅಲೆದಾಟ ಖಂಡಿತ ಕಡಿಮೆಯಾಗುತ್ತದೆ.