ಹಳೆಯ ಜೋಂಗಾಕ್ಕೆ ಹೊಸ ಬ್ರೇಕು ಬೇಕೆ?

ವಾಹನದ ಓಟವನ್ನು ಮೆಚ್ಚುವವರು ಬಹುಮಂದಿ. ಅದರ ನಿಲುಗಡೆಯನ್ನು ಕುರಿತು ಯೋಚಿಸುವವರು ವಿರಳ. ಎಂಜಿನಿನ ಅಶ್ವಶಕ್ತಿ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಅದೇ ವಾಹನ ಎಷ್ಟು ದೂರದಲ್ಲಿ ನಿಂತೀತೆಂದು ಕೇಳುವವರು ಎಲ್ಲಿ? ಪ್ರಾಣವನ್ನು ಕಾಯುವುದಾದರೋ ಈ ಎರಡನೆಯ ಪ್ರಶ್ನೆಯೇ.

ಬೆಂಗಳೂರಿನ ದಂಡುಪ್ರದೇಶಕ್ಕೂ ಸೈನ್ಯದ ವಾಹನಗಳಿಗೂ ಬಹುಕಾಲದ ನಂಟು. 1809ರಲ್ಲಿ ದಂಡು ಇಲ್ಲಿ ನೆಲೆಯೂರಿತು. ಮದರಾಸು ಎಂಜಿನಿಯರ್ ಗ್ರೂಪಿನ ಕೇಂದ್ರವೂ ಸೈನ್ಯದ 515ನೆಯ ಬೇಸ್ ವರ್ಕ್‌ಶಾಪೂ ಹಲಸೂರಿನ ಹೆಸರಿನೊಡನೆ ಸೇರಿಕೊಂಡಿವೆ. ಸೇವೆಯಿಂದ ನಿವೃತ್ತವಾಗಿ ಹರಾಜಿನಲ್ಲಿ ಬಿಕರಿಯಾದ ಸೈನ್ಯದ ವಾಹನಗಳು ಹವ್ಯಾಸಿಗಳ ಕೈಸೇರುವುದುಂಟು. ಅಂಥವುಗಳಲ್ಲಿ ಜೋಂಗಾ ಪ್ರಸಿದ್ಧವಾದುದು. ಜಪಾನಿನ ನಿಸ್ಸಾನ್ ಪೆಟ್ರೋಲ್ ಎಂಬ ವಾಹನದ ಮಾದರಿಯನ್ನನುಸರಿಸಿ, 1969ರಿಂದ ಮುಂದಕ್ಕೆ ಜಬಲ್‌ಪುರದಲ್ಲಿ ಇದನ್ನು ತಯಾರಿಸಿದರು. ನಾಲ್ಕು ಗಾಲಿಗಳಿಗೂ ಎಂಜಿನಿನ ಎಳೆತವುಂಟು. ನಾಲ್ಕಕ್ಕೂ ಡ್ರಮ್ ಬ್ರೇಕು. ಈ ಡ್ರಮ್ಮುಗಳನ್ನು ಕಿತ್ತು ಡಿಸ್ಕ್ ಬ್ರೇಕುಗಳನ್ನು ಕೂಡಿಸುವ ಹಂಬಲ ಇಂದಿನ ಹವ್ಯಾಸಿಗಳಲ್ಲಿ ಬಲವಾಗಿದೆ. ಡಿಸ್ಕು ಹಾಕಿದರೆ ವಾಹನ ಬೇಗ ನಿಲ್ಲುವುದೆಂದು ಅವರ ನಂಬಿಕೆ. ಈ ನಂಬಿಕೆಯನ್ನು ಭೌತಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ವಾಹನದ ಒಟ್ಟು ತೂಕ 2000 ಕಿಲೋಗ್ರಾಂ, ವೇಗ ಗಂಟೆಗೆ 60 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಅದರ ಚಲನಶಕ್ತಿ ಸುಮಾರು 2.8 ಲಕ್ಷ ಜೂಲು. ನಿಲ್ಲಬೇಕಾದರೆ ಈ ಶಕ್ತಿಯೆಲ್ಲ ಶಾಖವಾಗಿ ಮಾರ್ಪಡಬೇಕು. ಆದರೆ ವಾಹನವನ್ನು ಕಟ್ಟಕಡೆಗೆ ತಡೆಯುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಒಣರಸ್ತೆಯಲ್ಲಿ ಘರ್ಷಣೆಯ ಗುಣಾಂಕ 0.7 ಆದರೆ ನಿಲ್ಲಲು ಬೇಕಾಗುವ ದೂರ ಸುಮಾರು 20 ಮೀಟರು. ಮಳೆಯಲ್ಲಿ ಅದು 0.4ಕ್ಕೆ ಇಳಿದರೆ 35 ಮೀಟರು. ಇದಲ್ಲದೆ, ಚಾಲಕನು ಅಪಾಯವನ್ನು ಕಂಡು ಪೆಡಲನ್ನು ತುಳಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ವಾಹನ 17 ಮೀಟರು ಮುಂದೆ ಸಾಗಿರುತ್ತದೆ. ಈ ಲೆಕ್ಕದಲ್ಲಿ ಡ್ರಮ್ಮಿನ ಮಾತೂ ಇಲ್ಲ, ಡಿಸ್ಕಿನ ಮಾತೂ ಇಲ್ಲ. ಸುಸ್ಥಿತಿಯಲ್ಲಿರುವ ಡ್ರಮ್ಮು ಗಾಲಿಯನ್ನು ಬಿಗಿಹಿಡಿದು ನಿಲ್ಲಿಸಬಲ್ಲುದಾದರೆ, ಒಂದು ಸಲದ ನಿಲುಗಡೆಯಲ್ಲಿ ಡಿಸ್ಕು ಅದಕ್ಕಿಂತ ಹೆಚ್ಚಿನದೇನನ್ನೂ ಸಾಧಿಸಲಾರದು.

ಹಾಗಾದರೆ ಡಿಸ್ಕಿನ ಹಿರಿಮೆ ಎಲ್ಲಿದೆ? ಮೇಲಿಂದ ಮೇಲೆ ಬ್ರೇಕು ಹಾಕಬೇಕಾದಾಗ ಅದು ಗೋಚರವಾಗುತ್ತದೆ. ಅದೇ ವಾಹನ ನಂದಿಬೆಟ್ಟದಿಂದ 500 ಮೀಟರಿನಷ್ಟು ಕೆಳಗಿಳಿಯುವಾಗ ಕಳೆದುಕೊಳ್ಳುವ ಸ್ಥಾನಶಕ್ತಿ ಸುಮಾರು 98 ಲಕ್ಷ ಜೂಲು. ಇದು ಹಿಂದೆ ಹೇಳಿದ ನಿಲುಗಡೆಯ 35ರಷ್ಟು. ಕೆಳಗಣ ಗೇರಿನಲ್ಲಿ ಇಳಿದರೆ ಎಂಜಿನು ಇದರ ಬಹುಪಾಲನ್ನು ಹೊರುತ್ತದೆ. ಇಲ್ಲವಾದರೆ ಭಾರವೆಲ್ಲ ಬ್ರೇಕಿನ ಮೇಲೆ. ಕಾದ ಡ್ರಮ್ಮು ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಲೈನರಿನ ಹಿಡಿತವೂ ಕುಗ್ಗುತ್ತದೆ. ಡಿಸ್ಕಾದರೋ ಎರಡು ಮೈಗಳನ್ನೂ ಗಾಳಿಗೊಡ್ಡಿ ಬೇಗ ತಣಿಯುತ್ತದೆ. 1953ರ ಲ ಮಾನ್ಸ್ ಪಂದ್ಯದಲ್ಲಿ ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನೊಡನೆ ಗೆದ್ದುದು 24 ಗಂಟೆಗಳ ಓಟವನ್ನು. ಅಲ್ಲಿ ಶಾಖವೇ ಶತ್ರು. ನೀರಿನಲ್ಲಿಯೂ ಡಿಸ್ಕಿಗೆ ಅನುಕೂಲವುಂಟು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಎಷ್ಟೋ ರಸ್ತೆಗಳು ಜಲಾವೃತವಾದುವು. ಅಂಥ ನೀರನ್ನು ಹಾಯ್ದ ಡ್ರಮ್ಮು ತೇವವನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಡಿಸ್ಕು ಅದನ್ನು ಕೊಡವಿಬಿಡುತ್ತದೆ.

ಆದುದರಿಂದ ಡಿಸ್ಕನ್ನು ವಿರೋಧಿಸುವುದು ನಮ್ಮ ಉದ್ದೇಶವಲ್ಲ. ಬ್ರೇಕೆಂದರೆ ಗಾಲಿಯಲ್ಲಿರುವ ಒಂದು ಬಿಡಿಭಾಗವಲ್ಲ, ಪೆಡಲಿನಿಂದ ರಸ್ತೆಯವರೆಗಿನ ಒಂದು ವ್ಯವಸ್ಥೆ ಎಂಬುದನ್ನು ಮರೆಯಬಾರದೆಂಬುದೇ ನಮ್ಮ ವಾದ. ಡ್ರಮ್ಮಿನಲ್ಲಿ ತಿರುಗುವ ಲೋಹವೇ ಮುಂದಣ ಶೂವನ್ನು ತನ್ನೊಳಕ್ಕೆ ಎಳೆದುಕೊಂಡು ಒತ್ತನ್ನು ಹೆಚ್ಚಿಸುತ್ತದೆ. ಡಿಸ್ಕಿನಲ್ಲಿ ಈ ಸಹಾಯವಿಲ್ಲ. ಕಾಲಿನ ಬಲ ಸಾಲದೆ ಬೂಸ್ಟರು ಬೇಕಾಗುತ್ತದೆ. ಕ್ಯಾಲಿಪರಿನ ದೊಡ್ಡ ಪಿಸ್ಟನ್ನಿಗೆ ಬ್ರೇಕ್ ಆಯಿಲು ಹೆಚ್ಚು ಬೇಕು. ಹಳೆಯ ಮಾಸ್ಟರ್ ಸಿಲಿಂಡರು ಅದನ್ನು ಒದಗಿಸಲಾರದೆ ಹೋಗಬಹುದು. ಡ್ರಮ್ಮುಗಳಿಗಾಗಿ ಮಾಡಿದ ಸಿಲಿಂಡರಿನಲ್ಲಿ ಕೊಳವೆಯೊಳಗೆ ಅಲ್ಪ ಒತ್ತಡವನ್ನು ಉಳಿಸುವ ಕವಾಟವಿರುವುದುಂಟು. ಅದು ಹಾಗೆಯೇ ಉಳಿದರೆ ಡಿಸ್ಕಿನ ಪ್ಯಾಡುಗಳು ಪೆಡಲು ಬಿಟ್ಟ ಮೇಲೂ ಉಜ್ಜುತ್ತಲೇ ಇರುತ್ತವೆ. ಹಿಂಗಾಲಿಗಳು ಮುಂಗಾಲಿಗಳಿಗಿಂತ ಮೊದಲೇ ಬಿಗಿದುಕೊಂಡರೆ ವಾಹನ ಗಿರಕಿ ಹೊಡೆಯುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಯಾವುದೋ ಕಾರಿನ ಕ್ಯಾಲಿಪರುಗಳನ್ನು ಕೊಂಡು ಬೋಲ್ಟು ಬಿಗಿದ ಮಾತ್ರಕ್ಕೆ ಈ ಲೆಕ್ಕಗಳು ಸರಿಹೋಗುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸುಧಾರಣೆಯೊಂದುಂಟು. ಅಷ್ಟು ಹಳೆಯ ಅನೇಕ ವಾಹನಗಳಲ್ಲಿ ನಾಲ್ಕು ಗಾಲಿಗಳಿಗೂ ಒಂದೇ ದ್ರವಮಾರ್ಗ. ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಅದೇ ನಿಯಮದ ಮತ್ತೊಂದು ಮುಖವೆಂದರೆ, ಒಂದೇ ಕೊಳವೆ ಒಡೆದರೂ ನಾಲ್ಕು ಬ್ರೇಕುಗಳೂ ಒಟ್ಟಿಗೆ ಸೋಲುತ್ತವೆ. ಮುಂದಣ ಗಾಲಿಗಳಿಗೊಂದು, ಹಿಂದಣ ಗಾಲಿಗಳಿಗೊಂದು ಮಾರ್ಗವಿರುವ ಜೋಡಿ ಸಿಲಿಂಡರು ಇದ್ದರೆ ಅರ್ಧವಾದರೂ ಉಳಿದೀತು. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಇಂಥ ಏರ್ಪಾಡನ್ನು ಕಡ್ಡಾಯ ಮಾಡಿದರು. ಹಲಸೂರಿನಿಂದ ಇಂದಿರಾನಗರದ ಅಂಚನ್ನು ಹಾಯ್ದು ಕೆ.ಆರ್. ಪುರದತ್ತ ಹೋಗುವ ಹಳೆಯ ಮದರಾಸು ರಸ್ತೆಯ ಜನಸಂದಣಿಯಲ್ಲಿ ಪೆಡಲು ಒಮ್ಮೆಲೇ ನೆಲಕ್ಕಿಳಿದರೆ, ಆ ಹೊತ್ತಿಗೆ ಒದಗುವುದು ಹೊಳೆಯುವ ಡಿಸ್ಕಲ್ಲ, ಈ ಎರಡನೆಯ ಮಾರ್ಗ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು ವಾಹನದ ಮಾರ್ಪಾಟನ್ನು ಕಟ್ಟುಪಾಡಿಗೆ ಒಳಪಡಿಸಿದೆ. ತಯಾರಕರು ಗೊತ್ತುಮಾಡಿದ ಮೂಲರೂಪವನ್ನು ಬದಲಿಸಲಾಗದೆಂದು ಸುಪ್ರೀಂ ಕೋರ್ಟು 2019ರಲ್ಲಿ ಒತ್ತಿಹೇಳಿತು. ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ನಿಯಮಗಳೂ ಮೂಲರೂಪದ ರಕ್ಷಣೆಯನ್ನೇ ಬಯಸುತ್ತವೆ. ಸಾರಿಗೆ ಕಚೇರಿಯನ್ನು ಮೊದಲೇ ಕೇಳಿ ಮುಂದುವರಿಯುವುದು ವಿವೇಕ.

ನಮ್ಮ ಅಭಿಪ್ರಾಯದಲ್ಲಿ ಸರಿಯಾದ ಕ್ರಮ ಇದು: ಮೊದಲು ಒಳ್ಳೆಯ ಟೈರುಗಳು, ಅನಂತರ ದುರಸ್ತಾದ ಡ್ರಮ್ಮು, ಹೊಸ ಲೈನರು, ಹೊಸ ಕೊಳವೆಗಳು, ಆಮೇಲೆ ಜೋಡಿ ದ್ರವಮಾರ್ಗ. ಇಷ್ಟಾದ ಮೇಲೂ ಬೆಟ್ಟದ ದಾರಿಯೋ ಭಾರದ ಹೇರೋ ಅಗತ್ಯವನ್ನುಂಟುಮಾಡಿದರೆ, ಲೆಕ್ಕಹಾಕಿ, ಬಲ್ಲವರ ಕೈಯಿಂದ ಡಿಸ್ಕನ್ನು ಕೂಡಿಸಬಹುದು. ಹೊಸದೆಂಬ ಕಾರಣಕ್ಕೆ ಒಂದನ್ನು ಒಪ್ಪುವುದೂ ಹಳೆಯದೆಂಬ ಕಾರಣಕ್ಕೆ ಇನ್ನೊಂದನ್ನು ತೊರೆಯುವುದೂ ವಿಜ್ಞಾನದ ರೀತಿಯಲ್ಲ. ತರುಣ ವಿದ್ಯಾರ್ಥಿಗಳು ಸ್ಪ್ಯಾನರನ್ನು ಅವಶ್ಯವಾಗಿ ಹಿಡಿಯಲಿ. ಅದಕ್ಕೆ ಮುಂಚೆ ಪೆನ್ಸಿಲನ್ನು ಹಿಡಿಯಲಿ.